ಪೆಟ್ರೋಲು ಹೆಚ್ಚೋ, ಗಾಳಿ ಹೆಚ್ಚೋ

ಹೈದರಾಬಾದಿನ ಚೌಮಹಲ್ಲಾ ಅರಮನೆಗೆ ಹೋದವರು ಅಲ್ಲಿನ ಹಳದಿ ರೋಲ್ಸ್ ರಾಯ್ಸ್ ಮುಂದೆ ಒಂದು ಗಳಿಗೆ ನಿಲ್ಲದೆ ಬರುವುದಿಲ್ಲ. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಹೇಳಿ ಮಾಡಿಸಿದ ಸಿಲ್ವರ್ ಘೋಸ್ಟ್ ಅದು. ಲಂಡನ್ನಿನ ಬಾರ್ಕರ್ ಕಂಪನಿ ಅದಕ್ಕೆ ಮೈ ಕಟ್ಟಿ, ಹಿಂಭಾಗದಲ್ಲಿ ಸಿಂಹಾಸನದಂಥ ಎತ್ತರದ ಆಸನ ಇಟ್ಟಿತು. ಕಾರು ಊರಿಗೆ ಬರುವ ಮೊದಲೇ, 1911ರ ಆಗಸ್ಟಿನಲ್ಲಿ, ಮಹಬೂಬ್ ಅಲಿ ತೀರಿಕೊಂಡಿದ್ದರು. ಮಗ ಉಸ್ಮಾನ್ ಅಲಿ ಖಾನ್ ಕಾಲದಲ್ಲಿ ಅದು ವಿಶೇಷ ಸಂದರ್ಭಗಳಿಗಷ್ಟೇ ಹೊರಬಂತು. ಒಟ್ಟು ಓಡಿದ್ದು 356 ಮೈಲಿ ಎಂದು ಲೆಕ್ಕ. ಹೈದರಾಬಾದಿನಿಂದ ಹೊರಟು ಒಂದು ಸಲ ಬೆಂಗಳೂರು ಮುಟ್ಟಿದಷ್ಟು ದೂರ.

ನೋಡುವವರ ಕಣ್ಣೆಲ್ಲ ಆ ಆಸನದ ಮೇಲೆ. ನನಗೆ ಈ ಕಾರುಗಳಲ್ಲಿ ಹೆಚ್ಚು ಕುತೂಹಲ ಇರುವುದು ಡ್ರೈವರನ ಕೈ ಇರುತ್ತಿದ್ದ ಜಾಗದ ಬಗ್ಗೆ. ಆ ಕಾಲದ ಸಿಲ್ವರ್ ಘೋಸ್ಟ್‌ಗಳ ಸ್ಟೀರಿಂಗ್ ಚಕ್ರದ ನಡುವೆ ಪುಟ್ಟ ಹಿಡಿಗಳಿರುತ್ತಿದ್ದವು. ಒಂದು ಕಿಡಿಯನ್ನು ಹಿಂದೆಮುಂದೆ ಮಾಡುವುದು. ಇನ್ನೊಂದು ಮಿಶ್ರಣದ್ದು: ಒಂದು ಕಡೆ ತಿರುಗಿಸಿದರೆ ಪೆಟ್ರೋಲು ಹೆಚ್ಚು, ಮತ್ತೊಂದು ಕಡೆಗೆ ಗಾಳಿ ಹೆಚ್ಚು. ಬೆಳಿಗ್ಗೆ ತಣ್ಣಗಿರುವಾಗ ಒಂದು ಜಾಗ, ಬಿಸಿಯಾದ ಮೇಲೆ ಇನ್ನೊಂದು, ಏರು ಹತ್ತುವಾಗ ಮತ್ತೊಂದು. ಏಳೂಕಾಲು ಲೀಟರಿಗಿಂತ ದೊಡ್ಡ ಆರು ಸಿಲಿಂಡರಿನ ಎಂಜಿನ್ನು ಏನು ಕೇಳುತ್ತಿದೆ ಎಂದು ಡ್ರೈವರನೇ ಕಿವಿಗೊಟ್ಟು ತಿಳಿದುಕೊಳ್ಳಬೇಕಿತ್ತು. ಇಂದಿನ ಕಾರಿನಲ್ಲಿ ಸೈಲೆನ್ಸರ್ ಪೈಪಿನೊಳಗೆ ಕೂತ ಸೆನ್ಸರ್ ಮಾಡುವ ಕೆಲಸ ಅದು.

ಪೆಟ್ರೋಲ್ ಎಂಜಿನ್ನಿನ ಬಹುಪಾಲು ಕಾಯಿಲೆಗಳ ಮೂಲ ಈ ಒಂದು ಲೆಕ್ಕದಲ್ಲಿದೆ. ಒಂದು ಕಿಲೊ ಪೆಟ್ರೋಲು ಪೂರ್ತಿ ಉರಿಯಲು 14.7 ಕಿಲೊ ಗಾಳಿ ಬೇಕು. ಲೀಟರಿನಲ್ಲಿ ಹೇಳಿದರೆ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು ಒಂಬತ್ತು ಸಾವಿರ ಲೀಟರ್ ಗಾಳಿ. ಪೆಟ್ರೋಲು ಹೆಚ್ಚಾದರೆ ಗ್ಯಾರೇಜಿನ ಮಾತಿನಲ್ಲಿ ‘ರಿಚ್’, ಕಡಿಮೆಯಾದರೆ ‘ಲೀನ್’. ರಿಚ್ ಆದರೆ ಕಪ್ಪು ಹೊಗೆ, ಕಣ್ಣುರಿಸುವ ವಾಸನೆ, ಮೈಲೇಜು ನಷ್ಟ. ಲೀನ್ ಆದರೆ ತಡವರಿಕೆ, ಕಾರ್ಬೊರೇಟರಿನಲ್ಲಿ ಪಟ್ ಎನ್ನುವ ಸದ್ದು, ಕಾವು. ತೀರ ಲೀನ್ ಆಗಿ ಜೋರಾಗಿ ಓಡಿಸಿದರೆ ಪಿಸ್ಟನ್ನೇ ತೂತಾಗುವುದುಂಟು. ತಮಾಷೆಯೆಂದರೆ ಎರಡಕ್ಕೂ ಗಿರಾಕಿ ತರುವ ದೂರು ಒಂದೇ: ‘ಪಿಕಪ್ ಇಲ್ಲ.’ ಆ ಎರಡು ಪದಗಳಿಂದ ಹಿಂದಕ್ಕೆ ನಡೆದು ಕಾರಣ ಹಿಡಿಯುವುದೇ ಮಿಸ್ತ್ರಿಯ ವಿದ್ಯೆ. ಸ್ಪೋರ್ಟ್ಸ್ ಕಾರಿನಲ್ಲಿ ಈ ವಿದ್ಯೆಗೆ ಬೆಲೆ ಹೆಚ್ಚು. ಅದರ ಎಂಜಿನ್ನು ತನ್ನ ಶಕ್ತಿಯ ಅಂಚಿನಲ್ಲಿ ದುಡಿಯುತ್ತದೆ; ಸಾಧಾರಣ ಕಾರು ಸಹಿಸಿಕೊಳ್ಳುವ ತಪ್ಪನ್ನು ಅದು ಸಹಿಸುವುದಿಲ್ಲ.

ಈ ವಿದ್ಯೆಯ ಚರಿತ್ರೆಯನ್ನು ಹೈದರಾಬಾದಿನ ಕಡೆಯಿಂದ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಎಂಜಿನ್ ಬದಲಾದಾಗ ಮಾತ್ರ ಮಿಸ್ತ್ರಿ ಹೊಸದಾಗಿ ಕಲಿಯಬೇಕಾಗಿ ಬಂದದ್ದಲ್ಲ. ಸರ್ಕಾರ ಪೆಟ್ರೋಲನ್ನು ಬದಲಿಸಿದಾಗಲೆಲ್ಲ ಅವನ ಹಳೆಯ ಗುರುತುಗಳು ಅಳಿಸಿಹೋಗಿವೆ.

ಮೊದಲು ನಿಂತ ಕಾರಿನ ವಿಷಯ ಮುಗಿಸಿಬಿಡೋಣ. ಕಾರು ಕೆಡುವುದು ಓಡಿ ಎಂದು ನಾವು ಅಂದುಕೊಳ್ಳುತ್ತೇವೆ. ಪೆಟ್ರೋಲಿನ ವಿಷಯದಲ್ಲಿ ನಿಂತು ಕೆಡುವುದೇ ಹೆಚ್ಚು. ತಿಂಗಳುಗಟ್ಟಲೆ ನಿಂತ ಪೆಟ್ರೋಲಿನ ಹಗುರ ಭಾಗ ಹಾರಿಹೋಗಿ, ಉಳಿದದ್ದು ಗಾಳಿಯ ಆಮ್ಲಜನಕದೊಡನೆ ಸೇರಿ ಅಂಟಿನಂತಾಗುತ್ತದೆ. ಕಾರ್ಬೊರೇಟರಿನ ಜೆಟ್ ಎಂಬ ಸಣ್ಣ ತೂತಿಗೆ ಆ ಅಂಟು ಕೂದಲೆಳೆಯಷ್ಟು ಮೆತ್ತಿಕೊಂಡರೂ ಸಾಕು, ಎಂಜಿನ್ನು ಲೀನ್ ಆಗುತ್ತದೆ. ಅರಮನೆಗಳಲ್ಲಿ ಮುಸುಕು ಹೊದ್ದು ನಿಂತ ಕಾರುಗಳಿಗೆ ಇದ್ದ ರೋಗ ಇಂದು ಜುಬಿಲಿ ಹಿಲ್ಸ್‌ನ ನೆಲಮಾಳಿಗೆಗಳಲ್ಲಿ ನಿಂತು, ಭಾನುವಾರ ಬೆಳಿಗ್ಗೆ ಮಾತ್ರ ಹೊರವರ್ತುಲ ರಸ್ತೆ ಕಾಣುವ ಸ್ಪೋರ್ಟ್ಸ್ ಕಾರುಗಳಿಗೂ ಇದೆ. ಜೆಟ್ ಬದಲು ಇಂಜೆಕ್ಟರ್, ಅಷ್ಟೇ ವ್ಯತ್ಯಾಸ.

1932ರಲ್ಲಿ ನಿಜಾಮರ ರೈಲ್ವೆ ತನ್ನದೇ ರಸ್ತೆ ಸಾರಿಗೆ ವಿಭಾಗವನ್ನು 27 ಬಸ್ಸುಗಳಿಂದ ಆರಂಭಿಸಿತು. ಆ ಕಾಲದ ಒಂದು ಆಲ್ಬಿಯನ್ ಬಸ್ಸು ಇವತ್ತಿಗೂ ಹೈದರಾಬಾದಿನಲ್ಲಿ ಪ್ರದರ್ಶನಕ್ಕಿದೆ. ಬೀದರ್, ಕಲಬುರಗಿ, ರಾಯಚೂರು ಆಗ ಅದೇ ಸಂಸ್ಥಾನದ ಜಿಲ್ಲೆಗಳು. ನಮ್ಮ ಕಲ್ಯಾಣ ಕರ್ನಾಟಕದ ಹಳೆಯ ತಲೆಮಾರಿನವರ ಬಾಯಲ್ಲಿ ಮೋಟಾರಿಗೆ ಸಂಬಂಧಿಸಿದ ಎಷ್ಟೋ ಉರ್ದು ಮಾತುಗಳಿರುವುದು ಸುಮ್ಮನೆ ಅಲ್ಲ. ಕೆಲವೇ ವರ್ಷಗಳಲ್ಲಿ ಎರಡನೇ ಮಹಾಯುದ್ಧ ಬಂತು, ಪೆಟ್ರೋಲಿಗೆ ಪಡಿತರ ಬಂತು. ಬಸ್ಸುಗಳ ಹಿಂದೆ ಇದ್ದಿಲಿನ ಒಲೆ ಕಟ್ಟಿ, ಅದರ ಹೊಗೆಯಿಂದ ಎಂಜಿನ್ ಓಡಿಸುವ ಕಾಲ ಅದು. ಇದ್ದಿಲು ಗ್ಯಾಸಿನಲ್ಲಿ ಅರ್ಧದಷ್ಟು ಭಾಗ ಉರಿಯದ ಸಾರಜನಕ, ಹಾಗಾಗಿ ಏರಿನಲ್ಲಿ ಜನ ಇಳಿದು ತಳ್ಳಿದ ಕತೆಗಳು ಹಳೇ ಮೈಸೂರಿನಲ್ಲೂ ಬೇಕಾದಷ್ಟಿವೆ. ಪಿಕಪ್ ಇಲ್ಲ ಎಂಬ ದೂರಿಗೆ ಆಗ ಯಾರೂ ಕಾರಣ ಹುಡುಕುತ್ತಿರಲಿಲ್ಲ; ಕಾರಣ ಬೆನ್ನ ಮೇಲೇ ಉರಿಯುತ್ತಿತ್ತು.

ಇದಕ್ಕಿಂತ ಸೂಕ್ಷ್ಮವಾದದ್ದು ಪವರ್ ಆಲ್ಕೋಹಾಲ್, ಅಂದರೆ ನೀರು ತೆಗೆದ ಸ್ಪಿರಿಟ್. ಪೆಟ್ರೋಲಿಗೆ ಅದನ್ನು ಬೆರೆಸುವುದು ನಮಗೆ ಇತ್ತೀಚಿನ ಸುದ್ದಿಯಂತೆ ಕಾಣುತ್ತದೆ, ಆದರೆ ಇದಕ್ಕೆ ನೂರು ವರ್ಷದ ಹಿನ್ನೆಲೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಿಲ್ಬರ್ಟ್ ಫೌಲರ್ ಮತ್ತು ಸಂಗಡಿಗರು 1920ರ ಸುಮಾರಿಗೇ ಇಪ್ಪೆ ಹೂವಿನ ಸಕ್ಕರೆಯನ್ನೂ ಅದು ಹುಳಿಯುವ ಬಗೆಯನ್ನೂ ಕೂತು ಪರೀಕ್ಷಿಸಿದ್ದರು. ತೆಲಂಗಾಣದ ಕಾಡುಗಳಲ್ಲಿ ಇಪ್ಪೆ ಮರಕ್ಕೆ ಬರವಿಲ್ಲ. ಮುಂದೆ ಸಕ್ಕರೆ ಕಾರ್ಖಾನೆಗಳು ಬಂದವು: ಮೈಸೂರು ಸಂಸ್ಥಾನಕ್ಕೆ 1933ರಲ್ಲಿ ಮಂಡ್ಯದ ಮೈಷುಗರ್, ಹೈದರಾಬಾದ್ ಸಂಸ್ಥಾನಕ್ಕೆ 1937ರಲ್ಲಿ ಬೋಧನ್‌ನ ನಿಜಾಂ ಶುಗರ್ ಫ್ಯಾಕ್ಟರಿ. ಎರಡೂ ಕಡೆ ಉಳಿದ ಕಾಕಂಬಿಯಿಂದ ಪವರ್ ಆಲ್ಕೋಹಾಲ್ ತೆಗೆದರು. ಪೆಟ್ರೋಲಿಗೆ ಅದನ್ನು ಬೆರೆಸುವ ಅಧಿಕಾರ ಕೊಡುವ ಇಂಡಿಯನ್ ಪವರ್ ಆಲ್ಕೋಹಾಲ್ ಆಕ್ಟ್ ಬಂದದ್ದು 1948ರಲ್ಲಿ, ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯೊಂದಿಗೆ ಹೈದರಾಬಾದ್ ಭಾರತಕ್ಕೆ ಸೇರಿದ ವರ್ಷವೇ.

ಸ್ಪಿರಿಟ್ ಬೆರೆತಾಗ ಎಂಜಿನ್ನಿಗೆ ಏನಾಗುತ್ತದೆ? ಸ್ಪಿರಿಟ್ಟಿನ ಅಣುವಿನೊಳಗೇ ಆಮ್ಲಜನಕ ಇದೆ, ಆದ್ದರಿಂದ ಒಂದು ಕಿಲೊ ಸ್ಪಿರಿಟ್ಟಿಗೆ ಒಂಬತ್ತು ಕಿಲೊ ಗಾಳಿ ಸಾಕು. ಪೆಟ್ರೋಲಿಗೆ ಅಳತೆ ಮಾಡಿ ಕೊರೆದ ಜೆಟ್ಟಿನಲ್ಲಿ ಈ ಮಿಶ್ರಣ ಹರಿದರೆ ಗಾಳಿ ಹೆಚ್ಚಾಗುತ್ತದೆ, ಎಂಜಿನ್ ಲೀನ್ ಆಗುತ್ತದೆ. ಪರಿಹಾರ ಸುಲಭ, ಒಂದು ಅಳತೆ ದೊಡ್ಡ ಜೆಟ್ ಹಾಕು. ಆದರೆ ಹಳೆಯ ಕಾರ್ಬೊರೇಟರುಗಳಲ್ಲಿ ಇನ್ನೊಂದು ಕುತ್ತು ಇತ್ತು. ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟನ್ನು ಕೆಲವರು ಬೆಂಡಿನಲ್ಲಿ ಮಾಡಿ, ಮೇಲೆ ಅರಗಿನ ವಾರ್ನಿಷ್ ಬಳಿಯುತ್ತಿದ್ದರು. ಅರಗು ಪೆಟ್ರೋಲಿಗೆ ಜಗ್ಗುವುದಿಲ್ಲ, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಮರಗೆಲಸದವರ ಫ್ರೆಂಚ್ ಪಾಲಿಶ್ ನಡೆಯುವುದೇ ಆ ಗುಣದಿಂದ. ವಾರ್ನಿಷ್ ಹೋದ ಬೆಂಡು ಪೆಟ್ರೋಲು ಕುಡಿದು ಮುಳುಗುತ್ತದೆ, ಕಾರ್ಬೊರೇಟರ್ ತುಂಬಿ ಓವರ್‌ಫ್ಲೋ ಆಗುತ್ತದೆ. ಸ್ಪಿರಿಟ್ಟಿನ ರಸಾಯನ ಎಂಜಿನ್ನನ್ನು ಲೀನ್ ಕಡೆಗೆ ಎಳೆದರೆ, ಅದೇ ಸ್ಪಿರಿಟ್ ಕೆಡಿಸಿದ ಫ್ಲೋಟು ರಿಚ್ ಕಡೆಗೆ ತಳ್ಳುತ್ತದೆ. ರೋಗ ಒಂದು, ಲಕ್ಷಣ ಎರಡು, ಅವೂ ಒಂದಕ್ಕೊಂದು ವಿರುದ್ಧ.

ಸ್ವಾತಂತ್ರ್ಯದ ನಂತರ ಈ ವಿದ್ಯೆ ಬೀದಿಬೀದಿಗೆ ಹರಡಿದ್ದಕ್ಕೆ ಅಂಬಾಸಿಡರ್‌ಗೆ ಕೃತಜ್ಞರಾಗಿರಬೇಕು. 1959ರಿಂದ ಅದಕ್ಕೆ ಬಂದ 1489 ಸಿಸಿಯ ಬಿಎಂಸಿ ಬಿ-ಸೀರೀಸ್ ಎಂಜಿನ್ನು ಇಂಗ್ಲೆಂಡಿನ ಎಂಜಿಎ ಎಂಬ ಚೆಂದದ ಸ್ಪೋರ್ಟ್ಸ್ ಕಾರಿನ ಎಂಜಿನ್ನಿನ ಒಡಹುಟ್ಟು. ಅಂಬಾಸಿಡರಿಗೆ ಒಂದು ಎಸ್‌ಯು ಕಾರ್ಬೊರೇಟರ್, ಎಂಜಿಎಗೆ ಎರಡು. ಹಾಗಾಗಿ ಸಿಕಂದರಾಬಾದಿನ ರಾಣಿಗಂಜ್‌ನಂಥ ಬಿಡಿಭಾಗಗಳ ಪೇಟೆಯ ಸುತ್ತ ಟ್ಯಾಕ್ಸಿ ರಿಪೇರಿ ಮಾಡುತ್ತಿದ್ದ ಕೈಗೆ ಯಾವನೋ ಸಾಹೇಬನ ಸ್ಪೋರ್ಟ್ಸ್ ಕಾರು ಅಪರಿಚಿತವೇನೂ ಆಗಬೇಕಿರಲಿಲ್ಲ.

ಎಸ್‌ಯು ಪರೀಕ್ಷೆಯಷ್ಟು ಸೊಗಸಾದ ಪರೀಕ್ಷೆ ಮೋಟಾರು ಲೋಕದಲ್ಲಿ ಕಡಿಮೆ. ಅದರೊಳಗೆ ಗಾಳಿಯ ಸೆಳೆತಕ್ಕೆ ಮೇಲೆ ಕೆಳಗೆ ಆಡುವ ಪಿಸ್ಟನ್ ಒಂದಿದೆ. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಅದನ್ನು ಕೂದಲಷ್ಟು, ಒಂದು ಮಿಲಿಮೀಟರಿಗೂ ಕಡಿಮೆ, ಮೇಲೆತ್ತಬೇಕು. ಗಾಳಿ ಸ್ವಲ್ಪ ಹೆಚ್ಚು ನುಗ್ಗುತ್ತದೆ. ಎಂಜಿನ್ ಚುರುಕಾಗಿ ಹಾಗೇ ಉಳಿದರೆ ಅದಕ್ಕೆ ಗಾಳಿ ಬೇಕಿತ್ತು ಎಂದರ್ಥ: ರಿಚ್. ನಿಂತೇ ಹೋದರೆ ಮೊದಲೇ ಗಾಳಿ ಜಾಸ್ತಿಯಿತ್ತು: ಲೀನ್. ಒಂದು ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಸರಿಯಾಗಿದೆ. ಎಂಜಿನ್ನಿಗೆ ಒಂದು ಪ್ರಶ್ನೆ ಹಾಕಿ ಉತ್ತರ ಪಡೆದ ಹಾಗೆ. ಎರಡು ಕಾರ್ಬೊರೇಟರ್ ಇದ್ದರೆ ರಬ್ಬರ್ ನಳಿಗೆಯ ಒಂದು ತುದಿ ಕಿವಿಗೆ, ಇನ್ನೊಂದು ಸರದಿಯಂತೆ ಎರಡರ ಬಾಯಿಗೆ. ಎರಡೂ ಒಂದೇ ಸಮ ಬುಸುಗುಟ್ಟುವವರೆಗೆ ಸ್ಕ್ರೂ ತಿರುಗಿಸುವುದು.

ದಖ್ಖನ್ನಿನ ಬಿಸಿಲು ತನ್ನದೇ ಪಾಠ ಕಲಿಸಿತು. ಮೇ ತಿಂಗಳಲ್ಲಿ ಪಂಪಿನೊಳಗೇ ಪೆಟ್ರೋಲು ಆವಿಯಾಗಿ ಕಾರು ನಿಂತಾಗ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾಯುವುದೇ ಮದ್ದು. ಎತ್ತರದ ಲೆಕ್ಕವೂ ಇತ್ತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ, ಹೈದರಾಬಾದು 500ರ ಆಸುಪಾಸು. ಬೆಂಗಳೂರಿನ ಗಾಳಿ ಚೆನ್ನೈ ಗಾಳಿಗಿಂತ ಶೇ 8ರಷ್ಟು ತೆಳು. ಮದ್ರಾಸಿನ ಹೊರಗೆ ಶೋಳಾವರಂನಲ್ಲಿ, ಯುದ್ಧಕಾಲದ ವಿಮಾನಪಟ್ಟಿಯ ಮೇಲೆ, ದಶಕಗಳ ಕಾಲ ಕಾರ್ ರೇಸುಗಳು ನಡೆದವು. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಸರಿಮಾಡಿದ ಕಾರ್ಬೊರೇಟರನ್ನು ಹಾಗೇ ಅಲ್ಲಿಗೆ ಒಯ್ದರೆ ದಪ್ಪ ಗಾಳಿಯಲ್ಲಿ ಎಂಜಿನ್ ಲೀನ್ ಆಗುತ್ತದೆ. ಉದ್ದನೆಯ ನೇರ ದಾರಿಯಲ್ಲಿ ಪೂರ್ತಿ ಒತ್ತಿದಾಗ ಪಿಸ್ಟನ್ ಉಳಿಯಬೇಕಾದರೆ ಜೆಟ್ ಬದಲಿಸಲೇಬೇಕು.

ಜೆಟ್ ಸರಿಯಾಯಿತೋ ಇಲ್ಲವೋ ಹೇಳುತ್ತಿದ್ದದ್ದು ಸ್ಪಾರ್ಕ್ ಪ್ಲಗ್. ಪ್ಲಗ್ ಎಂದರೆ ನಮ್ಮಲ್ಲಿ ಬಹಳ ಕಾಲ ಮೈಕೋ. 1951ರಲ್ಲಿ ಹುಟ್ಟಿದ ಆ ಬಾಷ್ ಕಂಪನಿಯ ಆಡುಗೋಡಿ ಕಾರ್ಖಾನೆ ಬೆಂಗಳೂರಿನ ಒಂದು ಬಡಾವಣೆಗೇ ಹೆಸರು ಕೊಟ್ಟಿದೆ. ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದರೆ ಮಸಿ ಕಪ್ಪು ರಿಚ್, ಸುಣ್ಣದ ಬಿಳುಪು ಲೀನ್, ಹಾಲು ಹೆಚ್ಚಾದ ಕಾಫಿಯ ಬಣ್ಣ ಸರಿ. ವೈದ್ಯ ನಾಲಿಗೆ ನೋಡಿದಂತೆ.

ಆ ಕಾಫಿ ಬಣ್ಣದಲ್ಲಿ ಸೀಸದ ಪಾಲೂ ಇತ್ತು ಎಂಬುದನ್ನು ಜನ ಮರೆಯುತ್ತಾರೆ. ಎಂಜಿನ್ ‘ನಾಕ್’ ಮಾಡದಿರಲೆಂದು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವ ಉಪಾಯವನ್ನು ಅಮೆರಿಕದ ಥಾಮಸ್ ಮಿಡ್ಜ್ಲಿ 1921ರಲ್ಲಿ ಕಂಡುಹಿಡಿದ. ಮಕ್ಕಳ ಮಿದುಳಿಗೆ ಅದು ವಿಷವೆಂದು ತಿಳಿದ ಮೇಲೂ ಜಗತ್ತು ಬಿಡಲು ದಶಕಗಳೇ ಹಿಡಿದವು. ಭಾರತದಲ್ಲಿ ಸೀಸದ ಪೆಟ್ರೋಲು 2000ದ ಫೆಬ್ರವರಿಯಲ್ಲಿ ನಿಂತಿತು. ಒಳ್ಳೆಯದೇ ಆಯಿತು. ಜೊತೆಗೆ ಪ್ಲಗ್ಗಿನ ಬಣ್ಣವೂ ಮಂಕಾಯಿತು. ಸೀಸವಿಲ್ಲದ ಪೆಟ್ರೋಲು ಗುರುತು ಬಿಡುವುದು ಕಡಿಮೆ. ಸರಿಯಿದ್ದ ಎಂಜಿನ್ನಿನ ಪ್ಲಗ್ಗೂ ಬಿಳಿಚಿಕೊಂಡು ಲೀನ್ ಎಂಬಂತೆ ಕಾಣುತ್ತದೆ. ಒಂದು ತಲೆಮಾರಿನ ಓದು ಒಂದೇ ಆದೇಶಕ್ಕೆ ಅರ್ಧ ಸುಳ್ಳಾಯಿತು. ಇದರ ಮೇಲೆ ಪಡಿತರದ ಸೀಮೆಎಣ್ಣೆ ಬೆರೆಸುವ ದಂಧೆ. ಅದಕ್ಕೆ ಸರಳ ಪರೀಕ್ಷೆ: ಫಿಲ್ಟರ್ ಕಾಗದದ ಮೇಲೆ ಒಂದು ಹನಿ. ಪೆಟ್ರೋಲಾದರೆ ಎರಡು ನಿಮಿಷದಲ್ಲಿ ಹಾರಿಹೋಗುತ್ತದೆ, ಸೀಮೆಎಣ್ಣೆಯಿದ್ದರೆ ಕಲೆ ಉಳಿಯುತ್ತದೆ. ಇಂದಿಗೂ ಬಂಕಿನಲ್ಲಿ ಕೇಳಿದರೆ ಆ ಕಾಗದ ಕೊಡಬೇಕು. ಕೇಳುವವರು ಎಷ್ಟು ಜನವೋ.

ಸೀಸ ಹೋಗಲೇಬೇಕಾಗಿದ್ದಕ್ಕೆ ಇನ್ನೊಂದು ಕಾರಣವಿತ್ತು: ಅದು ಕೆಟಲಿಟಿಕ್ ಕನ್ವರ್ಟರನ್ನೂ ಆಮ್ಲಜನಕದ ಸೆನ್ಸರನ್ನೂ ಕೊಲ್ಲುತ್ತದೆ. ಬಾಷ್ ಕಂಪನಿಯ ಈ ಸೆನ್ಸರ್ 1976ರಲ್ಲಿ ವೋಲ್ವೊ ಕಾರುಗಳಲ್ಲಿ ಮೊದಲು ಬಂತು. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಅದು ಹೇಳುವುದು ಅದೇ ಹಳೆಯ ಎರಡು ಮಾತು, ರಿಚ್ ಅಥವಾ ಲೀನ್. ಸೆಕೆಂಡಿಗೆ ಹಲವು ಸಲ ಹೇಳುತ್ತದೆ, ಕಂಪ್ಯೂಟರ್ ಇಂಜೆಕ್ಟರನ್ನು ಅದಕ್ಕೆ ತಕ್ಕಂತೆ ಹೆಚ್ಚುಕಡಿಮೆ ತೆರೆಯುತ್ತದೆ. ನಿಜಾಮರ ಡ್ರೈವರನ ಹಿಡಿ ತನ್ನಷ್ಟಕ್ಕೆ ತಿರುಗಲು ಕಲಿತಿತು.

ನಮ್ಮಲ್ಲಿ ಈ ಬದಲಾವಣೆ ಊರೂರಿಗೆ ಬೇರೆ ಬೇರೆ ವರ್ಷ ಬಂತು. ಬೆಂಗಳೂರು, ಹೈದರಾಬಾದುಗಳಿಗೆ 2003ರಲ್ಲಿ ಭಾರತ್ ಸ್ಟೇಜ್ 2, 2005ರಲ್ಲಿ 3, 2010ರಲ್ಲಿ 4. ಉಳಿದ ಊರುಗಳು ಒಂದು ಹೆಜ್ಜೆ ಹಿಂದೆ. 2010ರ ನಂತರದ ಕೆಲವು ವರ್ಷ ಹೈದರಾಬಾದಿನಲ್ಲಿ ಕೊಂಡ ಕಾರು ಗಂಧಕ 50 ಪಿಪಿಎಂ ಇರುವ ಪೆಟ್ರೋಲಿಗೆ ತಯಾರಾದದ್ದು. ಅದೇ ಕಾರು ಬೀದರಿಗೆ ಬಂದು ಟ್ಯಾಂಕ್ ತುಂಬಿಸಿದರೆ 150 ಪಿಪಿಎಂವರೆಗೆ ಗಂಧಕವಿರಬಹುದಾದ ಪೆಟ್ರೋಲು. ಮೂರು ತಾಸಿನ ದಾರಿಯಲ್ಲಿ ಇಂಧನದ ಚರಿತ್ರೆ ಐದು ವರ್ಷ ಹಿಂದಕ್ಕೆ. 2020ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 6 ಇಡೀ ದೇಶಕ್ಕೆ ಒಟ್ಟಿಗೆ ಬಂದು, ಗಂಧಕ 10 ಪಿಪಿಎಂಗೆ ಇಳಿದ ಮೇಲೆ ಈ ಭೇದ ಹೋಯಿತು.

ಈಗ ಇಂದಿನ ಸ್ಪೋರ್ಟ್ಸ್ ಕಾರು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ, ಸ್ಕ್ಯಾನರ್ ಹಾಕಿದರೆ ಪಿ0171: ಮಿಶ್ರಣ ತೀರ ಲೀನ್. ಬಹಳ ಕಡೆ ರೋಗನಿರ್ಣಯ ಇಲ್ಲಿಗೆ ಮುಗಿದು ಬಿಲ್ಲು ಶುರುವಾಗುತ್ತದೆ. ಸೆನ್ಸರ್ ಬದಲಿಸು, ಹೋಗಲಿಲ್ಲವೇ, ಇಂಜೆಕ್ಟರ್ ಬದಲಿಸು, ಆಮೇಲೆ ಪಂಪು. ಒಂದೊಂದೂ ಆಮದಿನ ಬೆಲೆ. ಲೀನ್ ಎಂದು ಕೂಗಿದ ಸೆನ್ಸರನ್ನೇ ಮೊದಲು ಕಿತ್ತೆಸೆಯುವುದು ದೂರು ತಂದವನನ್ನೇ ಜೈಲಿಗೆ ಹಾಕಿದಂತೆ. ಕೋಡು ಹೇಳುವುದು ಲಕ್ಷಣ ಮಾತ್ರ.

ಕಾರಣಕ್ಕೆ ಹೋಗುವ ದಾರಿ ‘ಫ್ಯೂಯೆಲ್ ಟ್ರಿಮ್’ ಎಂಬ ಅಂಕಿಯಲ್ಲಿದೆ. ಲೆಕ್ಕದಂತೆ ಕೊಡಬೇಕಾದ ಪೆಟ್ರೋಲಿಗಿಂತ ಕಂಪ್ಯೂಟರ್ ಶೇಕಡ ಎಷ್ಟು ಹೆಚ್ಚೋ ಕಡಿಮೆಯೋ ಕೊಡುತ್ತಿದೆ ಎಂಬುದು ಅದು. ಎಂಜಿನ್ ನಿಧಾನವಾಗಿ ತಿರುಗುವಾಗ ಈ ಅಂಕಿ ಏರಿದ್ದು, ವೇಗ ಹೆಚ್ಚಿಸಿದಂತೆ ಇಳಿದರೆ, ಎಲ್ಲೋ ರಬ್ಬರ್ ನಳಿಗೆ ಸೀಳಿ ಕಳ್ಳಗಾಳಿ ಎಳೆಯುತ್ತಿದೆ. ಆ ಸೋರಿಕೆ ಹೆಚ್ಚೂಕಮ್ಮಿ ಒಂದೇ ಅಳತೆಯದು, ಎಂಜಿನ್ ಹೆಚ್ಚು ಗಾಳಿ ನುಂಗುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ತಿರುಗುಮುರುಗಾಗಿ, ನಿಧಾನದಲ್ಲಿ ಸರಿಯಿದ್ದು ಪೂರ್ತಿ ಒತ್ತಿದಾಗ ಏರಿದರೆ ಪೆಟ್ರೋಲು ಸಾಲುತ್ತಿಲ್ಲ: ಫಿಲ್ಟರ್ ಕಟ್ಟಿದೆ ಅಥವಾ ಪಂಪು ಸೋತಿದೆ. ಗಾಳಿ ಅಳೆಯುವ ಸೆನ್ಸರಿಗೆ ಧೂಳು ಮೆತ್ತಿದ್ದರೂ ಹೀಗೇ ಕಾಣಬಹುದು. ಒತ್ತಡ ಅಳೆದು ನೋಡಿದರೆ ಎರಡೂ ಬೇರೆಯಾಗುತ್ತವೆ. ನೇರ ಇಂಜೆಕ್ಷನ್ ಇರುವ ಎಂಜಿನ್ನಿನಲ್ಲಿ ಎರಡು ಪಂಪು, ಟ್ಯಾಂಕಿನಲ್ಲಿ ಐದಾರು ಬಾರ್ ಒತ್ತಡದ್ದೊಂದು, ಎಂಜಿನ್ ಮೇಲೆ 200 ಬಾರ್ ಮಟ್ಟದ್ದೊಂದು. ಮೊದಲನೆಯದು ಸೋತರೂ ದೂರು ಎರಡನೆಯದರ ಮೇಲೆ ಬರುತ್ತದೆ, ಬೆಲೆ ಹೆಚ್ಚು ಎರಡನೆಯದಕ್ಕೇ. ಇನ್ನು ಇಂಥ ಎಂಜಿನ್ನಿನ ಗಾಳಿಕವಾಟದ ಬೆನ್ನಿಗೆ ಪೆಟ್ರೋಲು ತಾಗುವುದೇ ಇಲ್ಲವಾದ್ದರಿಂದ ಅದನ್ನು ತೊಳೆಯುವವರಿಲ್ಲ, ಮಸಿ ಕಟ್ಟಿ ಉಸಿರು ಬಿಗಿಯುತ್ತದೆ. ಅದಕ್ಕೆ ಬೇರೆಯೇ ಮದ್ದು.

ಅಂಬಾಸಿಡರಿನ ಮಿಸ್ತ್ರಿಯನ್ನು ಕರೆದು ಈ ಎರಡು ಅಂಕಿ ವಿವರಿಸಿದರೆ ಆತ ಅರ್ಧ ತಾಸಿನಲ್ಲಿ ಹಿಡಿದುಕೊಳ್ಳುತ್ತಾನೆ ಎಂದು ನನ್ನ ನಂಬಿಕೆ. ಎಸ್‌ಯು ಪಿಸ್ಟನ್ ಎತ್ತಿ ನೋಡಿದ್ದೂ ಇದೇ ತರ್ಕ: ಒಂದು ಸಂಗತಿ ಬದಲಿಸು, ಎಂಜಿನ್ ಏನೆನ್ನುತ್ತದೆ ನೋಡು. ಆದರೆ ಆತನನ್ನು ಕರೆಯುವವರಿಲ್ಲ. ಅನೇಕ ಹೊಸ ಕಾರುಗಳಲ್ಲಿ ಸಾಧಾರಣ ಸ್ಕ್ಯಾನರಿಗೆ ಬಾಗಿಲು ಅರ್ಧವೇ ತೆರೆಯುತ್ತದೆ. ಉಳಿದರ್ಧದ ಕೀಲಿ ಕಂಪನಿಯ ಬಳಿ. ತರ್ಕ ಬಲ್ಲವನ ಕೈಗೆ ಅಂಕಿ ಸಿಗುವುದಿಲ್ಲ, ಅಂಕಿ ಇರುವವನಿಗೆ ಬಿಡಿಭಾಗ ಬದಲಿಸಿದರೆ ಸಂಬಳ ಬರುತ್ತದೆ. ನಡುವೆ ದುಡ್ಡು ಕೊಡುವವನು ಗಿರಾಕಿ.

ಇದೇ ಹೊತ್ತಿಗೆ ಇಂಧನ ಮತ್ತೊಮ್ಮೆ ಬದಲಾಯಿತು. ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ. ಐದೇ ದಿನಕ್ಕೆ, ಫೆಬ್ರವರಿ 11ರಂದು, ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ದೇಶದ ಮೊದಲ ಫಾರ್ಮುಲಾ-ಇ ರೇಸ್ ನಡೆಯಿತು. ಹನಿ ಪೆಟ್ರೋಲೂ ಬೇಡದ ಆ ಕಾರುಗಳಲ್ಲಿ ಜಾನ್ ಎರಿಕ್ ವೆರ್ನ್ ಗೆದ್ದ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ಇ20 ಬಂದಿತ್ತು. ಆಯ್ಕೆ ಬೇಕೆಂದು ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ ಆ ವರ್ಷದ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ಇ20 ಪೂರ್ತಿ ಉರಿಯಲು ಬೇಕಾದ ಗಾಳಿ 14.7 ಅಲ್ಲ, 13.5ರ ಆಸುಪಾಸು. ಹತ್ತು ಶೇಕಡದ ಮಿಶ್ರಣಕ್ಕೆ ತಯಾರಾದ ಕಾರಿನಲ್ಲಿ ಟ್ರಿಮ್ ಅಂಕಿ ನಾಲ್ಕೈದು ಶೇಕಡ ಮೇಲೇರುವುದು ಸಹಜ, ಕಂಪ್ಯೂಟರ್ ಅದನ್ನು ನುಂಗಿಕೊಳ್ಳುತ್ತದೆ. ಆದರೆ ಮೊದಲೇ ಸಣ್ಣ ಗಾಳಿ ಸೋರಿಕೆಯೋ ಸುಸ್ತಾದ ಪಂಪೋ ಇದ್ದು ಅಂಕಿ ಏರಿದ್ದರೆ, ಈ ನಾಲ್ಕೈದು ಸೇರಿ ಗಡಿ ದಾಟಿ ದೀಪ ಹತ್ತುತ್ತದೆ. ಆಗ ಮಾಲೀಕ ಎಥನಾಲನ್ನು ಬಯ್ಯುತ್ತಾನೆ, ಬೆರೆಸಿದವರು ನಮ್ಮದೇನೂ ತಪ್ಪಿಲ್ಲ ಎನ್ನುತ್ತಾರೆ. ಇಬ್ಬರೂ ಹೇಳುವುದು ಅರ್ಧ. ಎಥನಾಲಿನ ಆಕ್ಟೇನ್ 108ರ ಮೇಲಿದೆ, ನಾಕಿಂಗ್ ಕಡಿಮೆಯಾಗುತ್ತದೆ ಎಂಬುದು ನಿಜ. ಹಳೆಯ ಪೆಟ್ರೋಲಿಗೆ ವಿನ್ಯಾಸಗೊಂಡ ಕಾರುಗಳ ಮೈಲೇಜು ಶೇ 6ರಿಂದ 7 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿದ್ದೂ ನಿಜ. ನಿಂತೇ ಇರುವ ಸ್ಪೋರ್ಟ್ಸ್ ಕಾರಿಗೆ ಇನ್ನೊಂದು ಅಪಾಯ ಇದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಒಟ್ಟಾಗಿ ಟ್ಯಾಂಕಿನ ತಳಕ್ಕಿಳಿಯುತ್ತವೆ. ಪಂಪು ಹೀರುವುದು ತಳದಿಂದಲೇ. ಮಳೆಗಾಲ ಪೂರ್ತಿ ನಿಂತ ಕಾರು ಆಷಾಢ ಕಳೆದು ಚಾಲೂ ಮಾಡಿದಾಗ ಮಿಸ್ ಹೊಡೆದರೆ ಮೊದಲು ನೋಡಬೇಕಾದದ್ದು ಟ್ಯಾಂಕನ್ನೇ.

ಅದನ್ನು ನೋಡಲು ಸ್ಕ್ಯಾನರ್ ಬೇಡ. ಅಳತೆ ಗೆರೆಯಿರುವ ಗಾಜಿನ ಜಾಡಿಯಲ್ಲಿ 10 ಮಿಲಿ ನೀರು, ಮೇಲೆ 90 ಮಿಲಿ ಪೆಟ್ರೋಲು. ಮುಚ್ಚಿ ಚೆನ್ನಾಗಿ ಕುಲುಕಿ, ಕಾಲು ತಾಸು ನೆಟ್ಟಗೆ ನಿಲ್ಲಿಸಬೇಕು, ಹತ್ತಿರ ಬೀಡಿ ಹಚ್ಚುವವರನ್ನು ದೂರ ಕಳಿಸಬೇಕು. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಹೋಗುತ್ತದೆ. ಗೆರೆ 10ರಲ್ಲೇ ನಿಂತರೆ ಬರೀ ಪೆಟ್ರೋಲು. 28ರ ಹತ್ತಿರ ನಿಂತರೆ ಬಂಕಿನವ ಹೇಳಿದ ಇಪ್ಪತ್ತೇ. ಅದಕ್ಕಿಂತ ತುಂಬ ಮೇಲಿದ್ದರೆ ಟ್ಯಾಂಕ್ ಇಳಿಸಬೇಕು.